ಬೆನ್ನಿನ ನೀರು

ರಾತ್ರಿ ಎರಡೂ ಹತ್ತು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಲಿಫ್ಟ್ ಕೆಟ್ಟಿತ್ತು.
ಮೆಟ್ಟಿಲಿಳಿದು ಓಡಿಬಂದ ಇಮಾಮಸಾಬ
ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು ತಂದ
ಕಿರುಬೆರಳಿನಷ್ಟು ಬಾಟಲಿ.
ಚೀಟಿಯ ಮೇಲೆ: ಬೇಬಿ ಆಫ್ ಪ್ರೇಮಾ, ಒಂಬತ್ತು ದಿನ, ಗಂಡು.
ತೊಟ್ಟಿಲಿಗೆ ಹಾಕಿಲ್ಲ ಇನ್ನೂ, ಹೆಸರು ಕರೆದಿಲ್ಲ.
ತಾಯಿಯ ಹೆಸರನ್ನೇ ಹೊದ್ದು ಬಂದಿತ್ತು
ಅದರ ಬೆನ್ನಿನ ನೀರು, ಹನ್ನೆರಡು ಹನಿ.

ಬೇಗ ನೋಡಬೇಕು ಇದನ್ನ.
ತಡಮಾಡಿದರೆ ಕಣಗಳು ಒಡೆದುಹೋಗುತ್ತವೆ,
ಸಕ್ಕರೆ ತಾನೇ ಇಳಿದು ಸುಳ್ಳು ಹೇಳುತ್ತದೆ.
ಆದರೂ ಮೊದಲು ಮಾಡುವುದು ಹಳೇ ಕೆಲಸ,
ಯಂತ್ರ ಬೇಡದ್ದು:
ಬಾಟಲಿಯ ಹಿಂದೆ ಪೇಪರು ಹಿಡಿದು ಅಕ್ಷರ ಓದುವುದು.
ನಿನ್ನೆಯ ಪೇಟೆ ಧಾರಣೆ ಕೈಗೆ ಸಿಕ್ಕಿತು.
ಬ್ಯಾಡಗಿ ಮೆಣಸಿನಕಾಯಿ, ಕ್ವಿಂಟಲಿಗೆ —
ಮುಂದೆ ಬರೀ ಅಕ್ಕಿ ತೊಳೆದ ನೀರು.

ಈ ಹನ್ನೆರಡು ಹನಿಗೆ ಮೇಲೆ ಒಂದು ತಾಸು ಜಗಳವಂತೆ.
"ಬೆನ್ನಾಗ ಸೂಜಿ ಹಾಕಿದ್ರ ಕಾಲ ಹೋಗ್ತಾವಂತ್ರಿ,
ನಮ್ಮೂರಾಗ ಒಬ್ಬಾಕಿದು ಹಂಗ ಆಗೇತಿ."
ಸಹಿ ಹಾಕಲೊಲ್ಲದೆ
ಪೆನ್ನಿನ ಟೊಪ್ಪಿಗೆ ತೆಗೆದು ಹಾಕಿ ತೆಗೆದು ಹಾಕಿ
ನಿಂತೇ ಇದ್ದ ಮೈಲಾರಪ್ಪ.
ಜ್ವರ ಇಲ್ಲ, ಕುತ್ತಿಗೆ ಸೆಟೆದಿಲ್ಲ,
ಮೈ ತಣ್ಣಗೇ ಇದೆಯಲ್ಲ ಎಂದು ಅವನ ವಾದ.
ನದಾಫ ಡಾಕ್ಟರಮ್ಮ ಹೇಳಿದ್ದರು:
ಇಷ್ಟು ಎಳೆಯ ಕೂಸಿಗೆ ಜ್ವರ ಬರಲೇಬೇಕಂತಿಲ್ಲ,
ಕುತ್ತಿಗೆ ಸೆಟೆಯಲೇಬೇಕಂತಿಲ್ಲ,
ಒಳಗಿನ ರೋಗಕ್ಕೂ ಇನ್ನೂ ಮಾತು ಬಂದಿರುವುದಿಲ್ಲ.
ಮೊಲೆ ಬಿಡುತ್ತದೆ. ಸುಮ್ಮನಾಗುತ್ತದೆ. ಅಷ್ಟೇ.

ಆಗ ಎದ್ದವಳು ಹೊಳಿಯವ್ವ, ಪ್ರೇಮಾನ ತಾಯಿ.
"ಸುಮ್ನಿರಪಾ ಅಳಿಯಾ.
ದಿನಾ ನೆತ್ತಿಗೆ ಎಣ್ಣಿ ಒತ್ತಾಕಿ ನಾನು.
ಎಂಟ್ ದಿನ ನಿಂತಿತ್ತು ಎಣ್ಣಿ ಅಲ್ಲಿ,
ಅಂಗೈ ತೆಗ್ಗಿನಾಗ ನಿಂತ್ಹಂಗ.
ಇವತ್ತ ನಿಲ್ಲವಲ್ದು. ಜಾರಿ ಕಿವಿಗಿ ಇಳೀತು.
ಹಾಲು ನೆತ್ತಿಗೇರೇತಿ ಅಂದ್ರು, ಲೋಬಾನ ಹಾಕ್ರಿ ಅಂದ್ರು,
ಶಿಗ್ಗಾವಿ ಡಾಕ್ಟರ ಹೊಟ್ಟಿನೋವಿನ ಹನಿ ಬರದ.
ಎಣ್ಣಿ ಯಾಕ ಜಾರ್ತು ಅಂತ ಯಾರೂ ಕೇಳ್ಲಿಲ್ಲ.
ತಗೀರಿ ಡಾಕ್ಟರ್ರ, ಬೆಳಗಾಗೂತನ ಕಾಯಾಕಾಗೂದಿಲ್ಲ."

ಇದನ್ನೆಲ್ಲ ಇಮಾಮಸಾಬ ಹೇಳಿದ್ದು ನಾನು ಎಣಿಸುತ್ತಿರುವಾಗ.
ಸುಮ್ಮನಿರೋ, ಲೆಕ್ಕ ತಪ್ಪತೈತಿ, ಅಂದೆ.
ಗಾಜಿನ ಚೌಕದೊಳಗೆ ಚೌಕ, ಅದರೊಳಗೆ ಚೌಕ.
ಎಳೆಗೂಸಿಗೆ ಇಪ್ಪತ್ತು ಕಣ ಇದ್ದರೂ ಸೈ ಅನ್ನಬಹುದು.
ಎಂಟುನೂರಾ ನಲವತ್ತು.
ಸಕ್ಕರೆ ಹದಿನೆಂಟು; ಹಿಮ್ಮಡಿಯ ರಕ್ತದಲ್ಲಿ ತೊಂಬತ್ತಿತ್ತು.
ಉಳಿದ ಹನಿಯನ್ನು ಗಾಜಿಗೆ ಸವರಿ
ನೇರಳೆ, ಅಯೋಡಿನ್, ಸ್ಪಿರಿಟ್, ಕೊನೆಗೆ ಕೆಂಪು.
ಮೇಲೊಂದು ತೊಟ್ಟು ಎಣ್ಣೆ,
ಅದರಲ್ಲಿ ಮಸೂರ ಮುಳುಗಿಸಿಯೇ ನೋಡಬೇಕು.
ನನ್ನದೂ ಎಣ್ಣೆಯದೇ ಕೆಲಸ.
ಕಂಡವು: ಗುಲಾಬಿ ಕಡ್ಡಿಗಳು,
ಜೀರಿಗೆ ಚೆಲ್ಲಿದ ಹಾಗೆ, ಕೆಲವು ಜೋಡಿ, ಕೆಲವು ಒಂಟಿ.
ಚೆಂದವಾಗಿಯೇ ಕಾಣುತ್ತವೆ. ಅದನ್ನ ಯಾರಿಗೂ ಹೇಳುವುದಿಲ್ಲ ನಾನು.

ಫೋನ್ ಮಾಡಿದೆ. ಡಾಕ್ಟರಮ್ಮ "ಹೂಂ" ಅಂದರು.
ಔಷಧಿ ಆಗಲೇ ಹನಿಯುತ್ತಿತ್ತಂತೆ, ನನ್ನ ಮಾತಿಗೆ ಕಾಯದೆ.
ರೋಗಕ್ಕೊಂದು ಹೆಸರು ಸಿಕ್ಕಿತ್ತು,
ಕೂಸಿಗಿಂತ ಮೊದಲು.

ಬೆಳಿಗ್ಗೆ ಹೊರಟಾಗ ನಳದ ಹತ್ತಿರ
ಬಾಯಿ ಮುಕ್ಕಳಿಸುತ್ತಿದ್ದ ಮುದುಕಿ
ನನ್ನ ಬಿಳಿ ಕೋಟು ನೋಡಿ "ಏನ್ ಕಾಣ್ತಬೇ?" ಅಂದಳು.
ಡಾಕ್ಟರ್ ಹೇಳ್ತಾರವ್ವಾ, ಅಂದೆ. ನಿಯಮ ಅದು.
ಅವಳ ಅಂಗೈ ಇನ್ನೂ ಮಿರುಗುತ್ತಿತ್ತು.
ಹಳೇ ಬಸ್‌ಸ್ಟ್ಯಾಂಡಿನವರೆಗೂ
ಆ ಉತ್ತರ ಬಾಯಲ್ಲೇ ಇತ್ತು, ನುಂಗಲಾಗದ ಗುಳಿಗೆಯಂತೆ.

ಎರಡು ದಿನ ಬಿಟ್ಟು ಮತ್ತೊಂದು ಬಾಟಲಿ, ಅದೇ ಹೆಸರು.
ಪೇಪರು ಹಿಡಿದೆ. ಅದೇ ಪೇಪರು;
ಯಾಕೋ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ.
ಬ್ಯಾಡಗಿ ಮೆಣಸಿನಕಾಯಿ, ಕ್ವಿಂಟಲಿಗೆ ಇಪ್ಪತ್ತು ಸಾವಿರದ —
ಮುಂದಿನ ಅಂಕಿ ಮೂರೋ ಎಂಟೋ.
ದೀಪದ ಹತ್ತಿರ ಸರಿದೆ.
ಇಮಾಮಸಾಬ ಹೆಗಲ ಮೇಲಿಂದ ಬಗ್ಗಿ
"ಮೂರು ಐತ್ರಿ ಅಕ್ಕಾರ" ಅಂದ.
ಎಂಟೂ ಇರಬಹುದು.
ಗಾಜು ಒರೆಸಿ ಎಣಿಸಲು ಕೂತೆ.